ಮಗುಗೆ ಅಂಗನವಾಡಿ ಟೀಚರ್, ಬಸುರಿಗೆ ಆಶಾ, ಬಿದ್ದ ಅಜ್ಜಿಗೆ ಯಾರು? ತುಮಕೂರು ಜಿಲ್ಲೆಯ ಒಂದು ಮನೆಯ ಪ್ರಕರಣ

ತುಮಕೂರು ಜಿಲ್ಲೆಯ ಉತ್ತರದ ಬಯಲುಸೀಮೆ ಕಡೆ ಇರೋ ಒಂದು ಹಳ್ಳಿ, ಅದರಲ್ಲಿ ಒಂದು ಮನೆ, ಆ ಮನೇಲಿ 78 ವರ್ಷದ ಒಬ್ಬ ಅಜ್ಜಿ. ಊರ ಹೆಸರು, ಮನೆಯವರ ಹೆಸರು ಬರೆಯಲ್ಲ. ಆದ್ರೆ ಈ ಮನೇಲಿ ಏನೇನಾಯ್ತು ಅನ್ನೋದನ್ನ ಪೂರ್ತಿ ಬರೀಬೇಕು ಅನ್ನಿಸ್ತು, ಯಾಕಂದ್ರೆ ವಯಸ್ಸಾದವರ ಬಗ್ಗೆ ಸರ್ಕಾರಗಳು ಪ್ಲಾನ್ ಮಾಡೋದು ಅಂದ್ರೆ ನಾವು ಬರೀ ಪರ್ಸೆಂಟೇಜ್ ಮಾತಾಡ್ತೀವಿ. 2011ರ ಜನಗಣತಿ ಪ್ರಕಾರ ದೇಶದಲ್ಲಿ 60 ದಾಟಿದವರು ಸುಮಾರು 10.4 ಕೋಟಿ, ಅಂದ್ರೆ 8.6 ಪರ್ಸೆಂಟ್. ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ 2023ರಲ್ಲಿ ಕೊಟ್ಟ ವರದಿ ಪ್ರಕಾರ 2022ಕ್ಕೆ ಅದು 10.5 ಪರ್ಸೆಂಟ್ ಆಗಿತ್ತು, 2050ಕ್ಕೆ 20.8 ಆಗುತ್ತಂತೆ. ಐದು ಜನದಲ್ಲಿ ಒಬ್ಬರು ವಯಸ್ಸಾದವರು. ಎಲ್ಲ ಭಾಷಣದಲ್ಲೂ ಇದು ಮುಂದೆ ಯಾವತ್ತೋ ಬರೋ ವಿಷಯದ ಥರಾನೇ ಇರುತ್ತೆ.

ಈ ಅಜ್ಜಿ ಇರೋ ಬೀದಿಗೆ ಬಂದು ನೋಡಿ, ಆ 2050 ಬಂದು ಆಗ್ಲೇ ಎಷ್ಟೋ ವರ್ಷ ಆಗಿದೆ. ಅರ್ಧ ಮನೆಗೆ ಬೀಗ, ಯುಗಾದಿಗೆ ಜಾತ್ರೆಗೆ ತೆಗೀತಾರೆ. ಬೀಗ ಇಲ್ದಿರೋ ಮನೆಗಳಲ್ಲಿ ಒಬ್ಬರೋ ಇಬ್ಬರೋ ವಯಸ್ಸಾದವರು. ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು ಅಂತ 2019-21ರ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ, ಜನಸಂಖ್ಯೆ ಇದ್ದ ಹಾಗೇ ಇರ್ಬೇಕು ಅಂದ್ರೆ 2.1 ಬೇಕು. ಹುಟ್ಟೋರು ಕಮ್ಮಿ, ಹುಟ್ಟಿದವರೂ ಪೀಣ್ಯಕ್ಕೋ ನೆಲಮಂಗಲಕ್ಕೋ ಹೋಗ್ತಾರೆ. ರಾಜ್ಯದ ಸರಾಸರಿ ತೆಗೆದ್ರೆ ಬೆಂಗಳೂರಿನ ಹುಡುಗ್ರು ಹುಡ್ಗೀರೆಲ್ಲ ಸೇರ್ಕೊಂಡು ಲೆಕ್ಕ ಚೆನ್ನಾಗಿ ಕಾಣುತ್ತೆ, ಹಳ್ಳಿ ಮಟ್ಟಕ್ಕೆ ಇಳಿದ್ರೆ ಆ ಸರಾಸರಿ ಯಾವ ಮನೆಗೂ ಹೊಂದಲ್ಲ.

ಮನೆ ಪರಿಸ್ಥಿತಿ

ಅಜ್ಜಿ ಗಂಡ ತೀರ್ಕೊಂಡು ತುಂಬಾ ವರ್ಷ ಆಯ್ತು. ಮೂರು ಎಕರೆ ಖುಷ್ಕಿ ಇದೆ, ಮೊದಲು ಕಡ್ಲೆಕಾಯಿ ರಾಗಿ ಬೆಳೀತಿದ್ರು, ಈಗ ವಾರಕ್ಕೆ, ಅಂದ್ರೆ ಬೆಳೆ ಪಾಲಿಗೆ, ಕೊಟ್ಟಿದ್ದಾರೆ, ಮಳೆ ಆದ್ರೆ ಊಟಕ್ಕೆ ರಾಗಿ ಬರುತ್ತೆ, ಆಗ್ಲಿಲ್ಲ ಅಂದ್ರೆ ಅದೂ ಇಲ್ಲ. ದೊಡ್ಡ ಮಗ ಪೀಣ್ಯದಲ್ಲಿ ಮೆಷಿನ್ ಆಪರೇಟರ್, ಕೈಗೆ 22 ಸಾವಿರ, ದಾಸರಹಳ್ಳಿ ಕಡೆ ಮೂರನೇ ಮಹಡೀಲಿ ಬಾಡಿಗೆ ಮನೆ, ಲಿಫ್ಟ್ ಇಲ್ಲ, ಇಬ್ಬರು ಮಕ್ಕಳ ಸ್ಕೂಲ್ ಫೀಸ್. ಚಿಕ್ಕ ಮಗ ತುಮಕೂರಲ್ಲಿ ಗೂಡ್ಸ್ ಆಟೋ ಓಡಿಸ್ತಾನೆ, ಅವನ ಹೆಂಡ್ತಿ ಗಾರ್ಮೆಂಟ್ಸ್‌ಗೆ ಹೋಗ್ತಿದ್ಲು. ಮಗಳನ್ನ ಗಡಿ ಆಚೆ ಮಡಕಶಿರಾ ಕಡೆಗೆ ಕೊಟ್ಟಿದ್ದಾರೆ. ಇವರಲ್ಲಿ ಯಾರೂ ಕೆಟ್ಟೋರಲ್ಲ, ಇದನ್ನ ಮೊದಲೇ ಹೇಳ್ಬಿಡ್ತೀನಿ. ವಯಸ್ಸಾದವರ ಸುದ್ದಿ ಬಂದ ತಕ್ಷಣ ನಾವು "ಮಕ್ಕಳು ನೋಡ್ಕೊಳಲ್ಲ" ಅಂತ ಶುರು ಮಾಡ್ತೀವಿ, ಈ ಮನೇಲಿ ಅದಲ್ಲ ಸಮಸ್ಯೆ.

ಇನ್ನೊಂದು ವಿಷಯ, ಈ ಸೀಮೆ ನೀರು. ಪಾವಗಡ, ಶಿರಾ, ಮಧುಗಿರಿ ಸುತ್ತಮುತ್ತ, ಹಾಗೇ ಬಾಗೇಪಲ್ಲಿ ಕಡೆನೂ, ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ಈಗ ಊರೂರಿಗೂ ಶುದ್ಧ ಕುಡಿಯೋ ನೀರಿನ ಘಟಕ ಬಂದಿದೆ, ಐದು ರೂಪಾಯಿಗೆ ಒಂದು ಕ್ಯಾನ್ ಹಿಡ್ಕೊಂಡು ಬರ್ತಾರೆ, ಆದ್ರೆ ಈ ಅಜ್ಜಿ ವಯಸ್ಸಿನವರು ಅದಕ್ಕೆ ಮುಂಚೆ ಎಷ್ಟೋ ವರ್ಷ ಬೋರಿನ ನೀರೇ ಕುಡಿದವರು. ಮಂಡಿ ಬಗ್ಗಲ್ಲ, ಬೆನ್ನು ನೆಟ್ಟಗಾಗಲ್ಲ. ಸರ್ಕಾರದ ಸ್ಕೀಮುಗಳು 60, 65, 70, 80 ಅಂತ ವಯಸ್ಸು ನೋಡ್ತವೆ, ಆದ್ರೆ ಈ ಕಡೆ 62ರಲ್ಲೇ ಕೋಲು ಹಿಡಿದವರಿದ್ದಾರೆ. ಈ ಮಾತಿಗೆ ಆಮೇಲೆ ಬರ್ತೀನಿ, ಜಪಾನಿನವರು ಇದನ್ನ ಬೇರೆ ಥರ ಮಾಡಿದ್ದಾರೆ.

ಬಿದ್ದ ಮೇಲೆ

ಮಳೆಗಾಲದಲ್ಲಿ ಬೆಳಗಿನ ಜಾವ ಬಚ್ಚಲಿಗೆ ಹೋಗುವಾಗ ಅಜ್ಜಿ ಜಾರಿ ಬಿದ್ರು. ಕೂಗಿದ್ದು ಯಾರಿಗೂ ಕೇಳಿಲ್ಲ. ಪಕ್ಕದ ಮನೆಯಾಕೆ ಹಾಲು ಕೊಡೋಕೆ ಬಂದಾಗ್ಲೇ ಗೊತ್ತಾಗಿದ್ದು. ಸೊಂಟದ ಮೂಳೆ ಮುರಿದಿತ್ತು. 108 ಬಂತು, ತಾಲ್ಲೂಕು ಆಸ್ಪತ್ರೆಯಿಂದ ತುಮಕೂರಿಗೆ ಕಳಿಸಿದ್ರು, ಬಿಪಿಎಲ್ ಕಾರ್ಡಿನ ಮೇಲೆ ಆಪರೇಷನ್ ಆಯ್ತು, ದುಡ್ಡು ಕೇಳ್ಲಿಲ್ಲ, ರಾಡ್ ಹಾಕಿದ್ರು. ಇಲ್ಲಿವರೆಗೆ ಸರ್ಕಾರ ಮಾಡ್ಬೇಕಾದ್ದನ್ನ ಚೆನ್ನಾಗೇ ಮಾಡ್ತು. ಮೂವತ್ತು ವರ್ಷದ ಹಿಂದೆ ಇದೇ ಊರಲ್ಲಿ ಸೊಂಟ ಮುರ್ಕೊಂಡವರು ಮಂಚದ ಮೇಲೇ ಹೋಗ್ಬಿಡ್ತಿದ್ರು, ಅದನ್ನ ಮರೀಬಾರ್ದು.

ಡಿಸ್ಚಾರ್ಜ್ ಮಾಡುವಾಗ ಒಂದು ಶೀಟ್ ಕೊಟ್ರು. ಇಷ್ಟು ವಾರ ಕಾಲು ಊರಬಾರ್ದು, ದಿನಾ ಎಕ್ಸರ್‌ಸೈಜ್ ಮಾಡಿಸ್ಬೇಕು, ಮಗ್ಗುಲು ಬದಲಾಯಿಸ್ತಾ ಇರ್ಬೇಕು ಇಲ್ಲಾಂದ್ರೆ ಬೆನ್ನಲ್ಲಿ ಹುಣ್ಣಾಗುತ್ತೆ, ಕಮೋಡ್ ಕುರ್ಚಿ ತಗೊಳ್ಳಿ, ವಾಕರ್ ತಗೊಳ್ಳಿ. ಎಲ್ಲಾ ಸರಿಯಾಗೇ ಬರೆದಿದ್ರು. ಆದ್ರೆ ಮಾಡಿಸೋರು ಯಾರು ಅಂತ ಆ ಶೀಟಲ್ಲಿ ಇಲ್ಲ, ಇರೋಕೂ ಸಾಧ್ಯ ಇಲ್ಲ, ಅದು ಆಸ್ಪತ್ರೆ ಕೆಲಸ ಅಲ್ಲ.

ನನ್ನ ಪ್ರಕಾರ ಪ್ರಕರಣ ಶುರುವಾಗೋದೇ ಇಲ್ಲಿಂದ. ದೊಡ್ಡ ಮಗ ರಜೆ ಹಾಕಿ ಬಂದ, ರಜೆ ಮುಗೀತು, ಸಂಬಳ ಕಟ್ ಮಾಡ್ಕೊಂಡು ಇನ್ನೊಂದಿಷ್ಟು ದಿನ ಇದ್ದ, ಆಮೇಲೆ ಸೂಪರ್‌ವೈಸರ್ ಫೋನ್ ಮಾಡಿ ಬೇರೆಯವರನ್ನ ಹಾಕ್ಕೋತೀವಿ ಅಂದ್ರು, ಹೋದ. ಅಮ್ಮನ್ನ ಬೆಂಗಳೂರಿಗೆ ಕರ್ಕೊಂಡು ಹೋಗೋಣ ಅಂದ್ರೆ ಮೂರು ಮಹಡಿ ಮೆಟ್ಟಿಲು. ಮಗಳು ಬಂದು ಇದ್ಲು, ಅವಳ ಮನೇಲೂ ವಯಸ್ಸಾದ ಅತ್ತೆ. ಕೊನೆಗೆ ಚಿಕ್ಕ ಸೊಸೆ ಗಾರ್ಮೆಂಟ್ಸ್ ಕೆಲಸ ಬಿಟ್ಟು ಊರಿಗೆ ಬಂದ್ಲು. ಒಂದು ಸಂಬಳ ಹೋಯ್ತು ಆ ಮನೇಲಿ. ಈ ನಷ್ಟ ಯಾವ ಬಜೆಟ್ಟಿನಲ್ಲೂ ಕಾಣಲ್ಲ, ದೇಶದ ಯಾವ ಲೆಕ್ಕದಲ್ಲೂ ಬರಲ್ಲ, ಆದ್ರೆ ವಯಸ್ಸಾದವರನ್ನ ನೋಡ್ಕೊಳೋ ಖರ್ಚಿನಲ್ಲಿ ದೊಡ್ಡ ಪಾಲು ಇದೇ, ಮತ್ತೆ ಅದನ್ನ ಕಟ್ಟೋದು ಹೆಚ್ಚಾಗಿ ಮನೆ ಹೆಂಗಸರು.

ಕೈಯಿಂದ ಹೋಗೋ ಖರ್ಚು ನೋಡಿ. ದೊಡ್ಡವರ ಡೈಪರ್ ಒಂದಕ್ಕೆ 35 ರೂಪಾಯಿ ಅಂತ ಇಟ್ಕೊಂಡ್ರೂ ದಿನಕ್ಕೆ ಮೂರು ಅಂದ್ರೆ ತಿಂಗಳಿಗೆ 3,150. ಮನೆಗೆ ಬಂದು ಎಕ್ಸರ್‌ಸೈಜ್ ಮಾಡಿಸೋರು ಹಳ್ಳಿಗೆ ಬರೋದೇ ಇಲ್ಲ, ಸೊಸೆ ಫೋನಲ್ಲಿ ವಿಡಿಯೋ ನೋಡ್ಕೊಂಡು ಮಾಡಿಸಿದ್ಲು. ಮಾತ್ರೆ, ಮುಲಾಮು, ಚೆಕಪ್ಪಿಗೆ ಕಾರು ಬಾಡಿಗೆ ಬೇರೆ, ಮಹಿಳೆಯರಿಗೆ ಬಸ್ಸು ಫ್ರೀ ಇದ್ರೂ ಸೊಂಟ ಮುರಿದವರನ್ನ ಬಸ್ಸಿಗೆ ಹತ್ತಿಸೋಕಾಗುತ್ತಾ.

ಬರೋ ದುಡ್ಡು: ವಯಸ್ಸಾದವರಿಗೆ ರಾಜ್ಯ ಕೊಡೋ ಸಂಧ್ಯಾ ಸುರಕ್ಷಾ ಪಿಂಚಣಿ 1,200. ಅಜ್ಜಿ ಹೆಸರಲ್ಲಿ ಬೇರೆ ರೇಷನ್ ಕಾರ್ಡ್ ಇದೆ, ಮನೆ ಯಜಮಾನಿ ಅಂತ, ಹಾಗಾಗಿ ಗೃಹಲಕ್ಷ್ಮಿ 2,000. 2023ರ ಆಗಸ್ಟಲ್ಲಿ ಗೃಹಲಕ್ಷ್ಮಿ ಶುರುವಾದಾಗ ಅದನ್ನ ಯಾರೂ ವೃದ್ಧಾಪ್ಯದ ಸ್ಕೀಮ್ ಅಂತ ಅಂದ್ಕೊಂಡಿರ್ಲಿಲ್ಲ, ಆದ್ರೆ ನಮ್ಮ ಹಳ್ಳಿಗಳಲ್ಲಿ ಒಂಟಿ ಅಜ್ಜಿಯರಿಗೆ ಪಿಂಚಣಿಗಿಂತ ದೊಡ್ಡ ಆಸರೆ ಆಗಿರೋದು ಅದೇ. ಅದೇ ಬೀದೀಲಿ ಒಬ್ಬ ತಾತ ಇದ್ದಾರೆ, ಹೆಂಡ್ತಿ ಇಲ್ಲ, ಅವರಿಗೆ ಬರೋದು 1,200 ಮಾತ್ರ.

ಇದರ ಮಧ್ಯೆ ಪಿಂಚಣಿ ನಿಂತೋಯ್ತು. ಬಿದ್ದು ಮಲಗಿರೋ ತಿಂಗಳುಗಳಲ್ಲೇ. ಇದರ ಕಾರಣ ಪತ್ತೆ ಆಗೋಕೆ ಬಹಳ ಓಡಾಟ ಆಯ್ತು, ಬೇರೆಯವರಿಗೂ ಉಪಯೋಗ ಆಗ್ಲಿ ಅಂತ ವಿವರವಾಗಿ ಬರೀತಿದೀನಿ. ಈಗ ದುಡ್ಡು ಬರೋದು ಅಕೌಂಟ್ ನಂಬರ್ ಮೇಲಲ್ಲ, ಆಧಾರ್ ಮೇಲೆ. ಒಂದು ಆಧಾರಿಗೆ ಒಂದೇ ಬ್ಯಾಂಕು ಎನ್‌ಪಿಸಿಐ ಮ್ಯಾಪಿಂಗಲ್ಲಿ (ಯಾವ ಆಧಾರಿನ ದುಡ್ಡು ಯಾವ ಬ್ಯಾಂಕಿಗೆ ಅನ್ನೋ ಪಟ್ಟಿ) ಇರುತ್ತೆ, ಕೊನೆಗೆ ಯಾವ ಬ್ಯಾಂಕಲ್ಲಿ ಲಿಂಕ್ ಮಾಡಿಸಿದ್ರೋ ಅದು. ಅಜ್ಜಿಗೆ ಮೊದಲು ಒಂದು ಅಕೌಂಟ್ ಇತ್ತು, ಆಮೇಲೆ ಯಾರೋ ಬೇರೆ ಬ್ಯಾಂಕಲ್ಲಿ ಇನ್ನೊಂದು ಮಾಡಿಸಿದ್ರು, ಮ್ಯಾಪಿಂಗ್ ಅಲ್ಲಿಗೆ ಹೋಯ್ತು, ಹಳೆ ಪಾಸ್‌ಬುಕ್ಕಲ್ಲಿ ಎಂಟ್ರಿ ಬರ್ತಾ ಇಲ್ಲ ಅಂತ ಮನೆಯವರು, ಕಂಪ್ಯೂಟರಲ್ಲಿ ದುಡ್ಡು ಹೋಗಿದೆ ಅಂತ ಆಫೀಸಿನವರು. ಹೊಸ ಅಕೌಂಟ್ ನೋಡಿದ್ರೆ ಕೆವೈಸಿ ಬಾಕಿ ಅಂತ ಅದು ಲಾಕ್ ಆಗಿತ್ತು. ಕೆವೈಸಿಗೆ ಅಜ್ಜೀನೇ ಬರ್ಬೇಕು ಅಂದ್ರು, ಬಂದ್ರೂ ಬೆರಳಚ್ಚು ಬೀಳಲ್ಲ, ಮಣ್ಣಲ್ಲಿ ದುಡಿದ ಕೈ, ಗೆರೆ ಎಲ್ಲಾ ಸವೆದಿದೆ. ಕೊನೆಗೆ ಒಬ್ಬ ಒಳ್ಳೆ ಬ್ಯಾಂಕ್ ಮಿತ್ರ ಮನೆಗೇ ಬಂದು ಮುಖದ ಫೋಟೋ ತೆಗೆದು ಸರಿ ಮಾಡಿದ್ರು. ಸ್ಕೀಮ್ ರೂಪಿಸುವಾಗ ಫಲಾನುಭವಿ ಎದ್ದು ನಡ್ಕೊಂಡು ಬರ್ತಾರೆ ಅಂತಾನೇ ಅಂದ್ಕೊಂಡಿರ್ತಾರೆ. ಯಾರಿಗೆ ಆ ಸ್ಕೀಮ್ ತುಂಬಾ ಬೇಕೋ ಅವರೇ ನಡೆಯೋಕಾಗ್ದೆ ಇರೋರು.

ಊರಲ್ಲಿ ಒಬ್ಬರು ಹೇಳಿದ್ರು, ಎಸಿ ಕೋರ್ಟಿಗೆ ಹಾಕಿ, ಮಕ್ಕಳಿಂದ ಜೀವನಾಂಶ ಕೊಡಿಸ್ತಾರೆ ಅಂತ. ಹೌದು, ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆ 2007ರಲ್ಲಿ ಬಂತು, ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕ್ಬೋದು, ತಿಂಗಳಿಗೆ 10 ಸಾವಿರದವರೆಗೆ ಕೊಡಿಸ್ಬೋದು. ಆಸ್ತಿ ಬರೆಸ್ಕೊಂಡು ಹೊರಗೆ ಹಾಕಿದ್ರೆ 23ನೇ ಕಲಮಿನಡಿ ಆ ದಾನಪತ್ರ ರದ್ದು ಮಾಡಿಸ್ಬೋದು, 2025ರ ಜನವರೀಲಿ ಸುಪ್ರೀಂ ಕೋರ್ಟ್ ಈ ಕಾಯ್ದೇನ ವಯಸ್ಸಾದವರ ಪರವಾಗಿ ಉದಾರವಾಗಿ ಓದ್ಬೇಕು ಅಂತ ಹೇಳಿದೆ. ಒಳ್ಳೆ ಕಾಯ್ದೆ, ಅದು ಬೇಕಾದ ಮನೆಗಳು ಬೇಕಾದಷ್ಟಿವೆ. ಆದ್ರೆ ಅಜ್ಜಿ ಏನಂದ್ರು ಗೊತ್ತಾ, "ಅವ್ನೇ ಸಾಲ ಮಾಡವ್ನೆ ಕಣಪ್ಪ, ಇನ್ನೇನು ಕೊಡ್ಲಿ ಅವ್ನು" ಅಂದ್ರು. 22 ಸಾವಿರ ಸಂಬಳದವನ ಹತ್ರ ಕೋರ್ಟ್ ಏನು ಕೊಡಿಸುತ್ತೆ? ಈ ಕಾಯ್ದೆ ಮಕ್ಕಳಿಗೆ ಮನಸ್ಸಿಲ್ಲ ಅನ್ನೋ ಸಮಸ್ಯೆಗೆ ಔಷಧಿ. ಇಲ್ಲಿ ಮನಸ್ಸಿದೆ, ರಜೆ ಇಲ್ಲ, ಮನೇಲಿ ಜಾಗ ಇಲ್ಲ, ಮೈಕೈ ಹಿಡಿಯೋಕೆ ಇನ್ನೊಂದು ಜೊತೆ ಕೈ ಇಲ್ಲ.

ದೆಹಲಿ ಪ್ಲಾನಲ್ಲಿ ಏನಿದೆ

ದೆಹಲಿಯವರು ಏನೂ ಮಾಡಿಲ್ಲ ಅಂತಲ್ಲ. 1995ರ ಆಗಸ್ಟ್ 15ಕ್ಕೆ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮ ಶುರುವಾಯ್ತು, 1999ರಲ್ಲಿ ವಯಸ್ಸಾದವರಿಗೆ ಅಂತಾನೇ ರಾಷ್ಟ್ರೀಯ ನೀತಿ ಬಂತು, 2010ರಲ್ಲಿ ವೃದ್ಧರ ಆರೋಗ್ಯ ಕಾರ್ಯಕ್ರಮ, 2017ರಲ್ಲಿ ವಾಕರ್ ವೀಲ್‌ಚೇರ್ ಕೊಡೋ ವಯೋಶ್ರೀ, 2021ರಲ್ಲಿ 14567 ಸಹಾಯವಾಣಿ, 2024ರ ಅಕ್ಟೋಬರ್ 29ಕ್ಕೆ 70 ದಾಟಿದ ಎಲ್ಲರಿಗೂ 5 ಲಕ್ಷದ ಆಯುಷ್ಮಾನ್ ವಯವಂದನ. ಕಾಗದದ ಮೇಲೆ ಪಟ್ಟಿ ದೊಡ್ಡದೇ ಇದೆ.

ಆದ್ರೆ ಒಂದೊಂದನ್ನೂ ಈ ಮನೆ ಬಾಗಿಲಿಗೆ ತಂದು ನಿಲ್ಲಿಸಿ ನೋಡಿ. ವೃದ್ಧಾಪ್ಯ ವೇತನಕ್ಕೆ ಕೇಂದ್ರದ ಪಾಲು 60ರಿಂದ 79ರವರೆಗೆ ತಿಂಗಳಿಗೆ 200 ರೂಪಾಯಿ, 80 ಆದ್ಮೇಲೆ 500. ಆ 200 ಇಷ್ಟು ವರ್ಷ ಆದ್ರೂ 200 ಆಗೇ ಇದೆ, ಮಿಕ್ಕಿದ್ದು ರಾಜ್ಯ ಹಾಕ್ಬೇಕು. ಅದೂ ದೇಶ ಪೂರ್ತಿ ಸುಮಾರು 2.2 ಕೋಟಿ ಜನಕ್ಕೆ ಅಂತ ಮಿತಿ. 2022ರಲ್ಲೇ 60 ದಾಟಿದವರು 14.9 ಕೋಟಿ ಇದ್ರು. ಪಕ್ಕದ ನೇಪಾಳ ನಮಗಿಂತ ಬಡ ದೇಶ, ಅಲ್ಲಿ 1990ರ ದಶಕದಲ್ಲಿ 100 ರೂಪಾಯಿಂದ ಶುರು ಮಾಡಿ ಈಗ 68 ದಾಟಿದವರಿಗೆ ಅವರ ದುಡ್ಡಲ್ಲಿ 4,000 ಕೊಡ್ತಾರೆ, ನಮ್ಮ ದುಡ್ಡಲ್ಲಿ 2,500.

ವಯೋಶ್ರೀಲಿ ವಾಕರ್ ಕೊಡ್ತಾರೆ, ಆದ್ರೆ ಕ್ಯಾಂಪಿಗೆ ಬರ್ಬೇಕು, ಅಳತೆ ಕೊಡ್ಬೇಕು. ಮಂಚದ ಮೇಲಿರೋರು ಕ್ಯಾಂಪಿಗೆ ಹೆಂಗೆ ಬರೋದು. ವೃದ್ಧರ ಆರೋಗ್ಯ ಕಾರ್ಯಕ್ರಮದ ಮಾರ್ಗಸೂಚೀಲಿ ಹಾಸಿಗೆ ಹಿಡಿದವರನ್ನ ಉಪಕೇಂದ್ರದ ಸಿಬ್ಬಂದಿ ಮನೆಗೇ ಹೋಗಿ ನೋಡ್ಬೇಕು ಅಂತ ಸ್ಪಷ್ಟವಾಗಿ ಇದೆ, ಓದಿದಾಗ ನನಗೆ ನಿಜವಾಗ್ಲೂ ಖುಷಿ ಆಯ್ತು. ಆದ್ರೆ ಉಪಕೇಂದ್ರದ ಸಿಸ್ಟರ್ ಕೈಲಿ ಲಸಿಕೆ, ಬಾಣಂತಿ, ಸರ್ವೆ, ಆ್ಯಪ್ ಎಂಟ್ರಿ ಎಲ್ಲಾ ಇದೆ, ಒಬ್ಬಾಕೆ ಎಷ್ಟು ಮಾಡ್ತಾಳೆ. ನಮ್ಮ ರಾಜ್ಯದಲ್ಲಿ ಗೃಹ ಆರೋಗ್ಯ ಯೋಜನೆ 2024ರ ಅಕ್ಟೋಬರಲ್ಲಿ ಕೋಲಾರ ಜಿಲ್ಲೆಯಿಂದ ಶುರುವಾಯ್ತು, ಮನೆ ಮನೆಗೆ ಹೋಗಿ ಬಿಪಿ ಶುಗರ್ ಚೆಕ್ ಮಾಡೋದು. ಒಳ್ಳೆ ದಾರಿ. ಆದ್ರೂ ಅದು ಕಾಯಿಲೆ ಹುಡುಕೋದು, ಆರೈಕೆ ಮಾಡೋದಲ್ಲ.

ಈ ಪ್ರಕರಣದಿಂದ ನನಗೆ ಅರ್ಥ ಆಗಿದ್ದು ಇಷ್ಟು. ನಮ್ಮ ಪ್ಲಾನಲ್ಲಿ ದುಡ್ಡು ಇದೆ, ಆಸ್ಪತ್ರೆ ಇದೆ, ಕಾಯ್ದೆ ಇದೆ, ಆಳು ಇಲ್ಲ. ಮಗು ವಿಷಯದಲ್ಲಿ ಹಿಂಗೆ ಮಾಡ್ಲಿಲ್ಲ ನಾವು. 1975ರ ಅಕ್ಟೋಬರ್ 2ಕ್ಕೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ದೇಶದ 33 ಕಡೆ ಮೊದಲು ಮಾಡಿದ್ರು, ನಮ್ಮ ಟಿ. ನರಸೀಪುರ ಅದರಲ್ಲಿ ಒಂದು. ಅವತ್ತು ಮಾಡಿದ್ದು ಏನು? ಊರಿಗೆ ಒಬ್ಬ ಅಂಗನವಾಡಿ ಟೀಚರ್, ಒಬ್ಬ ಹೆಲ್ಪರ್. 2005ರಲ್ಲಿ ಆಶಾ ಬಂದ್ರು. ಯಾವ ಮನೇಲಿ ಯಾರು ಬಸುರಿ, ಎಷ್ಟನೇ ತಿಂಗಳು, ಯಾವ ಮಗು ತೂಕ ಕಮ್ಮಿ, ಇದೆಲ್ಲಾ ಊರಲ್ಲಿ ಒಬ್ಬ ಹೆಂಗಸಿಗೆ ಬಾಯಲ್ಲೇ ಗೊತ್ತಿರುತ್ತೆ. ಯಾವ ಅಜ್ಜಿ ಎದ್ದಿಲ್ಲ ಇವತ್ತು ಅಂತ ಗೊತ್ತಿರ್ಬೇಕಾದ ಆಳು ಊರಲ್ಲಿ ಯಾರೂ ಇಲ್ಲ.

ಜಪಾನ್ ಇದೇ ತಿರುವಲ್ಲಿ ಏನು ಮಾಡ್ತು

ಜಪಾನ್ ಕತೆ ಹೇಳೋದು ಅವರು ಶ್ರೀಮಂತರು ಅಂತಲ್ಲ, ನಾವು ಈಗ ನಿಂತಿರೋ ಜಾಗದಲ್ಲಿ ಅವರು 1970ರಲ್ಲಿ ನಿಂತಿದ್ರು ಅಂತ. ಆಗ ಅಲ್ಲಿ 65 ದಾಟಿದವರು 7 ಪರ್ಸೆಂಟ್. ನಮ್ಮ ದೇಶದ್ದು ಈಗ ಹತ್ರಹತ್ರ ಅಷ್ಟೇ. 7 ಇದ್ದದ್ದು 14 ಆಗೋಕೆ ಫ್ರಾನ್ಸಿಗೆ 115 ವರ್ಷ ಬೇಕಾಯ್ತು, ಜಪಾನಿಗೆ 24 ವರ್ಷ ಸಾಕಾಯ್ತು. 1994ಕ್ಕೆ 14 ಆಗಿ ಈಗ 29 ದಾಟಿದೆ.

1973ರಲ್ಲಿ ಅವರು 70 ದಾಟಿದವರಿಗೆಲ್ಲ ಚಿಕಿತ್ಸೆ ಫ್ರೀ ಮಾಡಿದ್ರು. ನಾವು 2024ರಲ್ಲಿ 70 ದಾಟಿದವರಿಗೆ 5 ಲಕ್ಷ ಅಂದ್ವಲ್ಲ, ಅದೇ ಮಾದರಿ, ಅದೇ ವಯಸ್ಸು. ಅಲ್ಲಿ ಆಗಿದ್ದೇನು ಅಂದ್ರೆ ಮನೇಲಿ ನೋಡ್ಕೊಳೋರಿಲ್ಲದ ವಯಸ್ಸಾದವರು ಕಾಯಿಲೆ ವಾಸಿಯಾದ್ರೂ ಆಸ್ಪತ್ರೇಲೇ ಉಳ್ಕೊಳೋಕೆ ಶುರುವಾಯ್ತು, ತಿಂಗಳುಗಟ್ಟಲೆ. ಆರೈಕೆ ಬೇಕಾದವರಿಗೆ ಚಿಕಿತ್ಸೆಯ ಬಾಗಿಲು ಒಂದೇ ತೆರೆದಿಟ್ರೆ ಅವರು ಅದರಲ್ಲೇ ನುಗ್ಗಬೇಕಲ್ವಾ. ಖರ್ಚು ತಡೆಯೋಕಾಗ್ದೆ ಹತ್ತು ವರ್ಷದಲ್ಲಿ ಫ್ರೀ ನಿಲ್ಲಿಸಿದ್ರು. 1989ರಲ್ಲಿ ಗೋಲ್ಡ್ ಪ್ಲಾನ್ ಅಂತ ಹತ್ತು ವರ್ಷದ ಯೋಜನೆ ಹಾಕಿದ್ರು. ಅದರಲ್ಲಿ ನನಗೆ ಮುಖ್ಯ ಅನ್ನಿಸೋದು ಒಂದು ಗುರಿ: ಮನೆಗೆ ಹೋಗಿ ಸಹಾಯ ಮಾಡೋ 1 ಲಕ್ಷ ಹೋಮ್ ಹೆಲ್ಪರ್‌ಗಳು. ಮೊದಲು ಆಳುಗಳನ್ನ ತಯಾರು ಮಾಡಿದ್ರು. ಆಮೇಲೆ 1997ರಲ್ಲಿ ಕಾನೂನು ಮಾಡಿ, 2000ದ ಏಪ್ರಿಲ್ 1ರಿಂದ ದೀರ್ಘಕಾಲದ ಆರೈಕೆಗೆ ಅಂತಾನೇ ಬೇರೆ ವಿಮೆ ಜಾರಿ ಮಾಡಿದ್ರು.

ಅದು ಹೇಗೆ ನಡೆಯುತ್ತೆ ಅಂದ್ರೆ, 40 ವರ್ಷ ಆದವರೆಲ್ಲ ಪ್ರೀಮಿಯಂ ಕಟ್ಟಬೇಕು, ಅರ್ಧ ದುಡ್ಡು ಪ್ರೀಮಿಯಂನಿಂದ, ಅರ್ಧ ತೆರಿಗೆಯಿಂದ. ನಡೆಸೋದು ಟೋಕಿಯೋದಲ್ಲಿ ಕೂತವರಲ್ಲ, ಆಯಾ ಊರಿನ ಸ್ಥಳೀಯ ಸಂಸ್ಥೆ, ಮೂರು ವರ್ಷಕ್ಕೊಂದು ಸಲ ತಮ್ಮ ಊರಿನ ಲೆಕ್ಕ ಹಾಕಿ ಪ್ಲಾನ್ ಮಾಡ್ಬೇಕು. ಯಾರಿಗಾದ್ರೂ ಆಗ್ದೆ ಹೋದ್ರೆ ಮನೆಗೇ ಬಂದು 74 ಪ್ರಶ್ನೆಗಳ ಒಂದು ಫಾರಂ ತುಂಬ್ತಾರೆ: ಮಗ್ಗುಲಾಗ್ತಾರಾ, ಎದ್ದು ಕೂರ್ತಾರಾ, ತಾವೇ ಉಣ್ತಾರಾ. ಅದರ ಮೇಲೆ ಏಳು ಹಂತದಲ್ಲಿ ಒಂದು. ನೋಡೋದು ದೇಹ ಎಷ್ಟು ಸೋತಿದೆ ಅಂತ, ಆದಾಯ ಎಷ್ಟು ಮಗ ಇದ್ದಾನಾ ಅಂತಲ್ಲ. ಫ್ಲೋರೈಡ್ ನೀರು ಕುಡಿದು 65ಕ್ಕೇ ಬಗ್ಗಿದವರಿಗೂ 85ರಲ್ಲಿ ಗಟ್ಟಿಯಾಗಿರೋರಿಗೂ ಇರೋ ವ್ಯತ್ಯಾಸ ಇಂಥ ಫಾರಮಲ್ಲಿ ಮಾತ್ರ ಕಾಣೋದು. ಆಮೇಲೆ ಒಬ್ಬ ಕೇರ್ ಮ್ಯಾನೇಜರ್ ಸಿಗ್ತಾರೆ, ವಾರಕ್ಕೆ ಇಷ್ಟು ಸಲ ಸ್ನಾನ ಮಾಡಿಸೋಕೆ ಬರ್ತಾರೆ, ಇಷ್ಟು ದಿನ ಡೇ ಸೆಂಟರ್ ಅಂತ ಬರೆದು ಕೊಡ್ತಾರೆ. ಹೆಚ್ಚಿನವರು ಕೈಯಿಂದ ಕಟ್ಟೋದು 10 ಪರ್ಸೆಂಟ್. ಮಗ ಕೆಲಸ ಮಾಡೋನಾದ್ರೆ ಅವನಿಗೆ 93 ದಿನದವರೆಗೆ ಆರೈಕೆ ರಜೆ, ಸಂಬಳದ 67 ಪರ್ಸೆಂಟ್ ಉದ್ಯೋಗ ವಿಮೆಯಿಂದ. ಪೀಣ್ಯದ ನಮ್ಮ ಹುಡುಗನಿಗೆ ಆ 93 ದಿನ ಸಿಕ್ಕಿದ್ರೆ ಸೊಸೆ ಗಾರ್ಮೆಂಟ್ಸ್ ಬಿಡೋ ಪ್ರಮೇಯ ಆಗ ಬರ್ತಿರ್ಲಿಲ್ಲ.

ಅಲ್ಲೂ ಕಷ್ಟ ಇದೆ. 65 ದಾಟಿದವರ ಪ್ರೀಮಿಯಂ 2000ದಲ್ಲಿ ತಿಂಗಳಿಗೆ ಸರಾಸರಿ 2,911 ಯೆನ್ ಇದ್ದದ್ದು ಈಗ 6,225. ಆರೈಕೆ ಮಾಡೋ ಜನ ಸಾಲ್ತಿಲ್ಲ, ಹಾಗಾಗಿ ಹೊರದೇಶದಿಂದ ಕರೆಸ್ಕೋತಾರೆ, 2021ರಲ್ಲಿ ಭಾರತದ ಜೊತೆನೂ ಅಗ್ರಿಮೆಂಟ್ ಆಯ್ತು. ಅಂದ್ರೆ ಇಲ್ಲಿನ ಹುಡ್ಗೀರು ಜಪಾನೀಸ್ ಕಲಿತು ಅಲ್ಲಿನ ಅಜ್ಜಿಯರನ್ನ ನೋಡ್ಕೊಳೋ ತರಬೇತಿ ತಗೊಂಡು ಹೋಗ್ಬೋದು. ಹೋಗ್ಲಿ, ಒಳ್ಳೇದಾಗ್ಲಿ ಅವರಿಗೆ. ಆದ್ರೆ ಆ ತರಬೇತಿಗೆ ನಮ್ಮೂರಲ್ಲಿ ಸಂಬಳ ಕೊಡೋ ಹುದ್ದೇನೇ ಇಲ್ಲ ಅನ್ನೋದು ನನಗೆ ತುಂಬಾ ನೋವು ಕೊಡುತ್ತೆ.

ಜರ್ಮನಿ 1995ರಲ್ಲಿ, ದಕ್ಷಿಣ ಕೊರಿಯಾ 2008ರಲ್ಲಿ ಇದೇ ಥರ ಆರೈಕೆ ವಿಮೆ ಮಾಡಿದ್ವು. ಜರ್ಮನೀಲಿ ಮನೆಯವರೇ ನೋಡ್ಕೊಂಡ್ರೆ ಅವರಿಗೂ ದುಡ್ಡು ಕೊಡ್ತಾರೆ, ಅವರ ಪಿಂಚಣಿ ಖಾತೆಗೂ ಕಟ್ತಾರೆ. ಸೊಸೆ ಮಾಡೋದು ಕೆಲಸ ಅಂತ ಒಪ್ಕೊಂಡ ಹಾಗೆ. ಚೀನಾ, ಡೆನ್ಮಾರ್ಕ್ ಎಲ್ಲಾ ರಿಟೈರ್ಮೆಂಟ್ ವಯಸ್ಸು ಏರಿಸ್ತಾ ಇವೆ, ಆ ಚರ್ಚೆ ನಮ್ಮ ಅಜ್ಜಿಗೆ ಸಂಬಂಧಾನೇ ಇಲ್ಲ, ಕೂಲಿಯವರಿಗೆ ರಿಟೈರ್ಮೆಂಟ್ ಎಲ್ಲಿದೆ.

ಗಡಿ ಆಚೆ

ಜಪಾನ್ ದೂರ ಅನ್ನಿಸಿದ್ರೆ ಮಗಳ ಊರು ನೋಡಿ, ಬಸ್ಸಲ್ಲಿ ಹೋದ್ರೆ ಅರ್ಧ ದಿನಾನೂ ಬೇಡ. ಆಂಧ್ರದಲ್ಲಿ 2024ರ ಜುಲೈ 1ರಿಂದ ವೃದ್ಧಾಪ್ಯ ಪಿಂಚಣಿ 4,000. ಮಗಳ ಅತ್ತೆಗೆ ತಿಂಗಳ ಮೊದಲನೇ ತಾರೀಕು ಗ್ರಾಮ ಸಚಿವಾಲಯದವರು ಮನೆ ಬಾಗಿಲಿಗೆ ಬಂದು ಕೈಗೆ ದುಡ್ಡು ಕೊಟ್ಟು ಹೋಗ್ತಾರೆ. ಪಾರ್ಶ್ವವಾಯು ಆಗಿ ಮಂಚ ಹಿಡಿದವರಿಗೆ ಅಲ್ಲಿ 15 ಸಾವಿರ. ಮಗಳು ಹೇಳಿದ್ದು ಕೇಳಿ ನನಗೆ ಮೊತ್ತಕ್ಕಿಂತ ಆ ಬರೋದು ದೊಡ್ಡದು ಅನ್ನಿಸ್ತು. ತಿಂಗಳಿಗೆ ಒಂದು ಸಲ ಆದ್ರೂ ಸರ್ಕಾರದ ಕಡೆಯ ಒಬ್ಬ ಮನುಷ್ಯ ಪ್ರತಿ ವಯಸ್ಸಾದವರ ಮುಖ ನೋಡ್ತಾನೆ, ಎದ್ದಿದ್ದಾರಾ ಮಲಗಿದ್ದಾರಾ ಅಂತ ಗೊತ್ತಾಗುತ್ತೆ. ಅಜ್ಜಿ ಮ್ಯಾಪಿಂಗ್ ತೊಂದರೆ ಅಲ್ಲಾಗಿದ್ರೆ ಮೊದಲ ತಿಂಗಳೇ ಹೊರಗೆ ಬರ್ತಿತ್ತು. ಆಂಧ್ರಕ್ಕೆ ಈ ಖರ್ಚು ಭಾರ ಅಂತ ವಾದ ಇದೆ, ಅದು ಸುಳ್ಳಲ್ಲ, ಆದ್ರೆ ನಾವು ಕಲೀಬೇಕಾದ್ದು 4,000 ಅಲ್ಲದೇ ಇದ್ರೂ ಮನೆಗೆ ಬರೋ ಆ ವ್ಯವಸ್ಥೆ.

ಈಗ ಲೆಕ್ಕ. ಕರ್ನಾಟಕದಲ್ಲಿ ಜನ ಇರೋ ಹಳ್ಳಿಗಳು ಸುಮಾರು 27 ಸಾವಿರ. ಊರಿಗೊಬ್ಬ ಆರೈಕೆ ಕಾರ್ಯಕರ್ತೆ, ತಿಂಗಳಿಗೆ 12 ಸಾವಿರ ಅಂತ ಹಾಕಿ, ವರ್ಷಕ್ಕೆ ಸುಮಾರು 390 ಕೋಟಿ. ಗ್ರಾಮ ಪಂಚಾಯ್ತಿಗೆ ಒಬ್ಬರು ಅಂತ ಶುರು ಮಾಡಿದ್ರೆ, ಸುಮಾರು 6 ಸಾವಿರ ಪಂಚಾಯ್ತಿಗೆ 86 ಕೋಟಿ. ಐದು ಗ್ಯಾರಂಟಿಗೆ 2024-25ರ ಬಜೆಟ್ಟಲ್ಲಿ ಇಟ್ಟಿದ್ದು 52 ಸಾವಿರ ಕೋಟಿ, ಅದರ ಮುಂದೆ 390 ಕೋಟಿ ಅಂದ್ರೆ ನೂರು ರೂಪಾಯಿಗೆ ಎಂಬತ್ತು ಪೈಸೆನೂ ಆಗಲ್ಲ. ಗ್ಯಾರಂಟಿ ಕಿತ್ತಾಕಿ ಅಂತ ನಾನು ಹೇಳ್ತಿಲ್ಲ, ಗೃಹಲಕ್ಷ್ಮಿ ಇಲ್ದಿದ್ರೆ ಈ ಮನೆ ಮುಳುಗೋಗ್ತಿತ್ತು. ಜಾಗದ್ದೂ ಚಿಂತೆ ಇಲ್ಲ. ನರೇಗಾ ತಾಯಂದಿರ ಮಕ್ಕಳಿಗೆ ಕೂಸಿನ ಮನೆ ಅಂತ 2023ರ ಬಜೆಟ್ಟಲ್ಲಿ ಪಂಚಾಯ್ತಿ ಮಟ್ಟದಲ್ಲೇ ಮಾಡಿದ್ರಲ್ಲ, ಆ ಥರದ್ದೇ ವಯಸ್ಸಾದವರಿಗೂ ಹಗಲು ಹೊತ್ತು ಕೂರೋ ಜಾಗ ಆಗ್ಬೋದು, ಮಕ್ಕಳಿಲ್ಲದೆ ಮುಚ್ಚಿರೋ ಸ್ಕೂಲ್ ಕಟ್ಟಡಗಳಿವೆ, ಜಪಾನಿನಲ್ಲೂ ಎಷ್ಟೋ ಮುಚ್ಚಿದ ಶಾಲೆಗಳು ವೃದ್ಧರ ಕೇಂದ್ರ ಆಗಿವೆ.

ಇದು ರಾಜ್ಯ ಒಂದೇ ಮಾಡೋ ಕೆಲಸ ಅಲ್ಲ. ಅಂಗನವಾಡಿ, ಆಶಾ ಎರಡೂ ದೇಶ ಪೂರ್ತಿ ಬಂದಿದ್ದು ಕೇಂದ್ರದ ದುಡ್ಡು ಸೇರಿದ್ದಕ್ಕೆ. ಕೇಂದ್ರದ ದುಡ್ಡು ರಾಜ್ಯಗಳಿಗೆ ಹೇಗೆ ಹಂಚ್ಬೇಕು ಅಂತ ಹೇಳೋ 16ನೇ ಹಣಕಾಸು ಆಯೋಗದ ಅವಧಿ 2026ರ ಏಪ್ರಿಲಿಂದ ಐದು ವರ್ಷ, ಜನಗಣತಿಗೆ 2027ರ ಮಾರ್ಚ್ 1 ಅಂತ ತಾರೀಕಿಟ್ಟಿದ್ದಾರೆ. ಈ ಸಲ ಗಣತೀಲಿ ಹಳ್ಳಿ ಹಳ್ಳಿಯ ವಯಸ್ಸಿನ ಲೆಕ್ಕ ಬಂದಾಗ ರಾಜ್ಯದ ಸರಾಸರಿ ಬಿಟ್ಟು ಹಳ್ಳಿ ಲೆಕ್ಕದ ಮೇಲೆ ದುಡ್ಡು ಹಂಚೋಕೆ ಅವಕಾಶ ಇದೆ. ವಯಸ್ಸಾದವರು 20 ಪರ್ಸೆಂಟ್ ಮುಟ್ಟೋವರೆಗೂ ಕಾಯ್ಬೇಕಾಗಿಲ್ಲ.

ಅಜ್ಜಿ ಈಗ ವಾಕರ್ ಹಿಡ್ಕೊಂಡು ಜಗಲಿವರೆಗೂ ಬರ್ತಾರೆ. ಸೊಸೆ ಇನ್ನೂ ಊರಲ್ಲೇ ಇದ್ದಾಳೆ. ಹುಣ್ಣಾಗದ ಹಾಗೆ ಮಗ್ಗುಲು ಬದಲಾಯಿಸೋದು, ಇಬ್ಬರೇ ಸೇರಿ ಹೆಂಗೆ ಎತ್ತೋದು, ಯಾವ ಮಾತ್ರೆ ಯಾವ ಹೊತ್ತಿಗೆ, ಎಲ್ಲಾ ಕಲಿತಿದ್ದಾಳೆ. ಈಗ ಅದೇ ಬೀದಿಯ ಆ ತಾತನ ಮನೆಗೂ, ಇನ್ನೆರಡು ಮನೆಗೂ ಕರೀತಾರೆ, ಹೋಗಿ ಮಾಡಿ ಬರ್ತಾಳೆ, ಯಾರೂ ದುಡ್ಡು ಕೊಡಲ್ಲ, ಕೊಡೋಕೆ ಅವರ ಹತ್ರಾನೂ ಇಲ್ಲ. "ಗಾರ್ಮೆಂಟ್ಸಲ್ಲಿ ಬರ್ತಿದ್ದಷ್ಟು ಇಲ್ಲೇ ಕೊಟ್ರೆ ನಾನು ವಾಪಸ್ ಹೋಗಲ್ಲ ಅಣ್ಣ, ಹತ್ತು ಮನೆ ಆದ್ರೂ ನೋಡ್ಕೋತೀನಿ" ಅಂತಾಳೆ. ಕೊಡೋರು ಸಿಗ್ಲಿಲ್ಲ ಅಂದ್ರೆ ದಸರಾ ಕಳೆದ ಮೇಲೆ ತುಮಕೂರಿಗೆ ವಾಪಸ್ ಹೋಗೋದು ಅಂತ ಗಂಡ ಹೆಂಡ್ತಿ ಮಾತಾಡ್ಕೊಂಡಿದ್ದಾರೆ, ಮಗಳ ಸ್ಕೂಲಿನ ಎರಡನೇ ಕಂತು ಕಟ್ಟಬೇಕು.